ದಂಡ ವಸೂಲಿ

ಬ್ಯಾಡಗಿ ಠಾಣೆಯಲ್ಲಿ ವಾರಂಟಿನ ಕೆಲಸ ನನಗೆ.
ಸೋಮವಾರ ಕೋರ್ಟಿನಿಂದ ಕಟ್ಟು ಬರುತ್ತದೆ,
ನಡುವಿಗೆ ಕೆಂಪು ದಾರ.
ಬಿಚ್ಚುತ್ತೇನೆ, ನಂಬರು ಹಚ್ಚುತ್ತೇನೆ,
ರಿಜಿಸ್ಟರಿನಲ್ಲಿ ಗೆರೆ ಎಳೆಯುತ್ತೇನೆ.
ಕಳವಿನವು ಬೇರೆ, ಬಡಿದಾಟದವು ಬೇರೆ,
ಅಡಿಯಲ್ಲಿ ತೆಳ್ಳಗೆ ಜೀವನಾಂಶದವು.
ಅವುಗಳ ನೆತ್ತಿಯ ಮೇಲೆ ಅಚ್ಚಾಗಿರುತ್ತದೆ
ದಂಡ ವಸೂಲಿ ವಾರಂಟು ಅಂತ.
ಒಂದು ಹುಡುಗಿ ಉಣ್ಣುವುದಕ್ಕೆ
ಸರ್ಕಾರ ಇಟ್ಟ ಹೆಸರು.

ಫಕೀರೇಶ ಬಾರಕೇರ, ವಯಸ್ಸು ಮೂವತ್ತಾರು, ಹಮಾಲಿ.
ತಿಂಗಳಿಗೆ ಎರಡು ಸಾವಿರದಂತೆ
ಹನ್ನೊಂದು ತಿಂಗಳ ಬಾಕಿ.
ಮೂರು ಸಲ ಹೋಗಿ ಬಂದಿದ್ದೇನೆ.
ಮೂರು ಷರಾ, ನನ್ನವೇ ಅಕ್ಷರ:
ಮನೆಗೆ ಬೀಗ.
ದೇವರಿಗೆ ಹೋಗಿರುವುದಾಗಿ ತಾಯಿಯ ಹೇಳಿಕೆ.
ಸದರಿ ಇಸಮು ಸಿಗಲಿಲ್ಲ.

ಕೊನೆಯದು ಪೂರ್ತಿ ಸುಳ್ಳಲ್ಲ.
ಚಹಾದಂಗಡಿಯಲ್ಲಿ ಒಂದು ಬೆನ್ನು ಕಂಡಿತ್ತು,
ಬೆನ್ನಿನ ಮೇಲೆ ಹೆಸರು ಬರೆದಿರುವುದಿಲ್ಲ.
ಅವತ್ತು ಬಂದೋಬಸ್ತು ಮುಗಿಸಿ
ನನ್ನ ಕಾಲೂ ಸೋತಿದ್ದವು.

ಹೋದ ವರ್ಷ ಕಟ್ಟಲಾರೆ ಅಂದು
ತಿಂಗಳು ಹಾವೇರಿ ಜೈಲಿನಲ್ಲಿ ಕೂತು ಬಂದ.
ಅಲ್ಲಿ ಹೊತ್ತಿಗೆ ಸರಿಯಾಗಿ ಊಟ ಕೊಟ್ಟರು, ಅವನಿಗೆ.
ಬಾಕಿ ಬಾಕಿಯಾಗೇ ಉಳಿಯಿತು.

ನೀಲವ್ವ ರಾಣೆಬೆನ್ನೂರಿನ ಕಡೆ
ಬೀಜದ ಹೊಲದಲ್ಲಿ ಕ್ರಾಸಿಂಗಿಗೆ ಹೋಗುತ್ತಾಳೆ.
ಗಂಡು ಹೂವಿನ ಧೂಳು ಹೆಣ್ಣು ಹೂವಿಗೆ ಸವರಿ
ಗುರುತಿಗೆ ಒಂದು ಕೆಂಪು ದಾರ ಕಟ್ಟುವುದು.
ತಾರೀಖು ಇದ್ದ ದಿನ ಪಗಾರವಿಲ್ಲ.
ಒಮ್ಮೆ ಠಾಣೆಯ ಮೆಟ್ಟಿಲ ಮೇಲೆ ಕೂತು ಕೇಳಿದಳು:
"ಅಕ್ಕಾರ, ಹಸಿವಿ ಏನು ತಾರೀಖು ನೋಡಿ ಬರ್ತೈತೇನ್ರಿ?"
ನಾನು ಸಾಹೇಬರು ಕರೆದ ಹಾಗೆ ಮಾಡಿ ಒಳಗೆ ಹೋದೆ.

ಒಳಗೆ ಹುಡುಗಿ ಲಾಕಪ್ಪಿನ ಸರಳು ಎಣಿಸುತ್ತಿತ್ತು.
ಹನ್ನೆರಡಕ್ಕೆ ಬಂದು ತಪ್ಪುವುದು,
ಮತ್ತೆ ಒಂದರಿಂದ.
ಆದೇಶ ಬರೆದಾಗ ಅದು ತೊಟ್ಟಿಲಲ್ಲಿತ್ತಂತೆ.
ಎರಡು ಸಾವಿರ ಅಲ್ಲೇ ನಿಂತಿದೆ.
ಹುಡುಗಿಯ ಹಿಮ್ಮಡಿ ಚಪ್ಪಲಿಯಿಂದ
ಎರಡು ಬೆರಳು ಆಚೆ ಬಂದಿದೆ.

ಗುರುವಾರ. ಮಾರ್ಕೆಟ್ಟಿನ ತುಂಬ ಚೀಲ,
ಡಬ್ಬಿ ಒಂದು ಕಡೆ, ಕಡ್ಡಿ ಒಂದು ಕಡೆ,
ಗಾಳಿಯೇ ಕೆಂಪಗೆ ಕುಟ್ಟಿದ ಹಾಗೆ.
ಮೂಗಿಗೆ ಕರವಸ್ತ್ರ ಒತ್ತಿ ಒಳಗೆ ನಡೆದೆ.
ಖಾಕಿ ಕಂಡು ಹಮಾಲರು ಗಪ್ಪಾದರು.
ಅವನು ಓಡಲಿಲ್ಲ.
ಬೆನ್ನ ಮೇಲೆ ಚೀಲ ಇದ್ದವನು
ಓಡುವುದಾದರೂ ಹೇಗೆ?
ಇಳಿಸಿದ. ಬೆವರು ಒರೆಸಿ ಕಣ್ಣು ಉರಿಸಿಕೊಂಡ.
"ಕಟ್ಟು, ಇಲ್ಲ ನಡಿ," ಅಂದೆ.
ಸಾವಕಾರರು ಬೈಯುತ್ತ ಗಲ್ಲೆ ತೆರೆದರು,
ಮುಂಗಡ ಅಂತ ಬರೆದುಕೊಂಡರು.
ಹದಿನಾಲ್ಕು ಸಾವಿರ.
"ಉಳಿದದ್ದಕ್ಕ ಜಡ್ಜ್ ಸಾಹೇಬ್ರ ಮುಂದ ನೀನ ಹೇಳ್ಕೋ."

ಕೋರ್ಟಿನ ತನಕ ನಡೆದೇ ಹೋದೆವು.
ಬಸ್‌ಸ್ಟ್ಯಾಂಡ್ ದಾಟಿದ ಮೇಲೆ ಕೇಳಿದ,
ರಸ್ತೆ ನೋಡುತ್ತಲೇ:
"ಅಕ್ಕಾರ, ಅಕಿ ಈಗ ಎಷ್ಟನೇತ್ತಾ?"

ಕೈಯಲ್ಲಿದ್ದ ಕಾಗದ ತಿರುವಿದೆ.
ಬಾಕಿ ಇತ್ತು, ವಿಳಾಸ ಇತ್ತು,
ಮೊಹರು, ಸಹಿ, ಅವನ ಅಪ್ಪನ ಹೆಸರು.
ಅದಕ್ಕೊಂದು ಕಾಲಮ್ಮು ಇರಲಿಲ್ಲ.
ನಾಲ್ಕನೇತ್ತಾ ಅಂತ ನನಗೆ ಗೊತ್ತಿತ್ತು,
ಪಾಟಿಚೀಲದ ಮೇಲೆ ಓದಿದ್ದೆ.
"ಹೋಗಿ ಕೇಳು," ಅಂದೆ.
ಅಂದದ್ದು ಸರಿಯೋ ಏನೋ.
ಅವನು ಮತ್ತೆ ಮಾತಾಡಲಿಲ್ಲ.

ಕೋರ್ಟಿನ ಗುಮಾಸ್ತ ಕನ್ನಡಕ ಏರಿಸಿ
ಬೆರಳಿಗೆ ಉಗುಳು ಹಚ್ಚಿದ.
ನೋಟಿನಲ್ಲಿ ಮೆಣಸಿನಕಾಯಿಯ ಧೂಳು.
ಎಂಟಕ್ಕೆ ಬಂದು ಸೀನಿದ,
ಲೆಕ್ಕ ತಪ್ಪಿತು,
ಮೂಗು ಒರೆಸಿ ಮತ್ತೆ ಒಂದರಿಂದ.

ಗೋಡೆಗೆ ಒರಗಿ ಕಾದೆ.
ಷರಾ ಬರೆಯಬೇಕು: ಭಾಗಶಃ ಜಾರಿ.
ಹನ್ನೆರಡನೇ ತಿಂಗಳು
ಇವತ್ತಿಗೆ ಶುರುವಾಗಿ ನಾಲ್ಕು ದಿನ.